ತಂಬಿಗೆಯ ಬಾಯಿ: ವಸ್ತುಚಿತ್ರದ ವಿಚಾರ

ಪ್ರತಿವರ್ಷ ಮಳೆಗಾಲ ಕಳೆಯುತ್ತ ಬಂದಾಗ ಖಡಕಿಯ ನಮ್ಮ ಮನೆಗಳಲ್ಲಿ ಅಡಿಗೆಮನೆಯ ಸಾಮಾನು ಒಂದೊಂದಾಗಿ ಕಾಣದಾಗುತ್ತದೆ. ಹಿತ್ತಾಳೆಯ ತಂಬಿಗೆ, ಮಣ್ಣಿನ ಕುಡಿಕೆ, ಎರಡು ಉಳ್ಳಾಗಡ್ಡೆ, ಒಂದು ಬದನೆಕಾಯಿ, ಇವೆಲ್ಲ ಹುಡುಕಿದರೆ ಮಕ್ಕಳ ಅಭ್ಯಾಸದ ಮೇಜಿನ ಮೇಲೆ ಸಿಗುತ್ತವೆ. ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು ಹತ್ತಿರ ಬಂದಿರುತ್ತವೆ; ಅವುಗಳಲ್ಲಿ ಒಂದು ಪತ್ರಿಕೆ ವಸ್ತುಚಿತ್ರದ್ದು. ಮುಂದೆ ಇಟ್ಟ ನಾಲ್ಕಾರು ಸಾಮಾನುಗಳನ್ನು ನೋಡಿ, ಇದ್ದುದು ಇದ್ದಂತೆ ಬರೆಯಬೇಕು.

ಇದು ನಮ್ಮವರಿಗೆ ಹೊಸದೇನೂ ಅಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ೧೯೫೬ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದುದರಿಂದ ಆ ಕಡೆಯ ಶಾಲೆಗಳಲ್ಲಿ ಕಲಿತ ಹಿರಿಯರಲ್ಲಿಯೂ ಅನೇಕರು ಮುಂಬಯಿಯ ಡ್ರಾಯಿಂಗ್ ಪರೀಕ್ಷೆಗೆ ಕುಳಿತವರೇ. ಅಂದು ಅಜ್ಜ ಗೀರಿದ ಹೂಜಿಯನ್ನೇ ಇಂದು ಮೊಮ್ಮಗಳು ಗೀರುತ್ತಾಳೆ. ಆದರೂ ಈ ವಿಷಯದ ಬಗ್ಗೆ ಮನೆಗಳಲ್ಲಿ ಆದರವಿಲ್ಲವೆಂಬುದು ನಮ್ಮ ಅನುಭವ. "ದೇವರ ಚಿತ್ರ ಬರೆದರೆ ಗೋಡೆಗೆ ಹಾಕಬಹುದು, ಗುಡ್ಡ ಹೊಳೆ ಬರೆದರೆ ನೋಡಲಿಕ್ಕೆ ಚಂದ, ತಂಬಿಗೆ ಉಳ್ಳಾಗಡ್ಡೆ ಬರೆದು ಏನು ಬಂತು?" ಎಂದು ಕೇಳುವವರು ನಮ್ಮ ವಾಚನಾಲಯಕ್ಕೆ ಬರುವ ತಂದೆತಾಯಿಗಳಲ್ಲಿಯೇ ಇದ್ದಾರೆ. ಹತ್ತನೆಯ ತರಗತಿಯಲ್ಲಿ ಕೆಲವು ಅಂಕ ಹೆಚ್ಚಿಗೆ ಸಿಗುತ್ತವೆಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಕೂರಿಸುವವರೂ ಉಂಟು. ಅವರ ಪ್ರಶ್ನೆ ಅಪ್ರಾಮಾಣಿಕವಾದುದಲ್ಲ. ಆದುದರಿಂದ ಈ ವಿದ್ಯೆ ಎಂಥದು, ಅದರಲ್ಲಿ ಕಲಿಯತಕ್ಕದ್ದು ಏನಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇವೆ.

ಮೊದಲು ತಂಬಿಗೆಯ ಬಾಯಿಂದಲೇ ಪ್ರಾರಂಭಿಸೋಣ. ತಂಬಿಗೆಯ ಬಾಯಿ ದುಂಡಗಿದೆಯೆಂಬುದನ್ನು ಎಳೆಯ ಮಗುವೂ ಬಲ್ಲದು. ಆ ತಂಬಿಗೆಯನ್ನು ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿರಿ. ಬಾಯಿ ದುಂಡಗೆ ಕಾಣುವುದಿಲ್ಲ. ಬರಿಯ ಒಂದು ಅಡ್ಡಗೆರೆ. ನಾಲ್ಕು ಬೆರಳು ಕೆಳಗಿಳಿಸಿದರೆ ಆ ಗೆರೆ ಸ್ವಲ್ಪ ಬಿರಿದು, ತೆಳುವಾದ ಎಲೆಯಂತಾಗುತ್ತದೆ. ಮೇಜಿನ ಮೇಲಿಟ್ಟರೆ ಇನ್ನಷ್ಟು ತೆರೆಯುತ್ತದೆ. ನೆಲದ ಮೇಲೆ ಕಾಲಬಳಿ ಇಟ್ಟು ಬಗ್ಗಿ ನೋಡಿದಾಗ ಮಾತ್ರ ಪೂರ್ಣ ದುಂಡು. ಶಾಲೆಯ ಗಣಿತದಲ್ಲಿ ದೀರ್ಘವೃತ್ತವೆಂದು ಕರೆಯುವ ಆಕೃತಿ ಇದೇ. ತಂಬಿಗೆ ಇದ್ದ ಹಾಗೆಯೇ ಇದೆ, ನಮ್ಮ ಕಣ್ಣಿನ ಎತ್ತರಕ್ಕೆ ತಕ್ಕಂತೆ ಅದರ ಬಾಯಿ ಹಿಗ್ಗಿ ಕುಗ್ಗುತ್ತದೆ.

ಈಗ ತಳದ ಮಾತು. ಹತ್ತು ಮಕ್ಕಳಿಗೆ ತಂಬಿಗೆಯನ್ನು ಬರೆಯಲಿಕ್ಕೆ ಹೇಳಿದರೆ ಎಂಟು ಮಕ್ಕಳು ಬಾಯನ್ನು ದುಂಡಗೆ ಬರೆದು, ತಳವನ್ನು ಮಾತ್ರ ಪಟ್ಟಿ ಹಿಡಿದಂತೆ ನೇರ ಗೆರೆಯಿಂದ ಮುಗಿಸುತ್ತಾರೆ. ಯಾಕೆಂದರೆ ಬಾಯಿ ದುಂಡಗಿದೆಯೆಂಬುದೂ, ತಳ ಮೇಜಿನ ಮೇಲೆ ಸಪಾಟಾಗಿ ಕುಳಿತಿದೆಯೆಂಬುದೂ ಅವರಿಗೆ ಮೊದಲೇ ಗೊತ್ತು. ಗೊತ್ತಿದ್ದುದನ್ನು ಬರೆದರು, ಕಂಡದ್ದನ್ನು ಬರೆಯಲಿಲ್ಲ. ನಿಜವಾಗಿ ತಳವು ಬಾಯಿಗಿಂತಲೂ ಕಣ್ಣಿನಿಂದ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿಯೇ ಇರಬೇಕು. ಬಾಯಿಯ ಎರಡು ತುದಿಗಳಲ್ಲಿ ಮೀನಿನ ಬಾಲದಂತೆ ಚೂಪು ಮಾಡುವುದು ಇನ್ನೊಂದು ರೂಢಿ. ದುಂಡಾದ ವಸ್ತುವಿಗೆ ಮೂಲೆ ಎಲ್ಲಿಂದ ಬರಬೇಕು? ತುದಿಯಲ್ಲಿಯೂ ಗೆರೆ ಮೆಲ್ಲಗೆ ತಿರುಗಿಯೇ ಹೋಗುತ್ತದೆ.

ಈ ಒಂದು ತಂಬಿಗೆಯ ಬಾಯಲ್ಲಿ ವಸ್ತುಚಿತ್ರದ ಅರ್ಧ ವಿದ್ಯೆ ಇದೆಯೆಂದರೆ ಅತಿಶಯೋಕ್ತಿಯಾಗದು. ನಮ್ಮ ಮನಸ್ಸು ಬಹಳ ಅವಸರದ ಪ್ರಾಣಿ. ಒಂದು ವಸ್ತುವಿನ ಹೆಸರು ತಿಳಿದೊಡನೆ ಅದನ್ನು ನೋಡುವುದನ್ನು ಬಿಟ್ಟುಬಿಡುತ್ತದೆ. 'ಬಿಳಿ ಧೋತರ' ಎಂದು ತಿಳಿದರೆ ಸಾಕು, ಅದರ ಮಡಿಕೆಗಳಲ್ಲಿ ಇರುವ ನೀಲಿ, ಬೂದಿ, ಪಕ್ಕದ ಹಣ್ಣಿನಿಂದ ಬಿದ್ದ ನಸುಹಳದಿ ಯಾವುದೂ ಕಾಣುವುದಿಲ್ಲ. ಸಂಸಾರ ನಡೆಯಲಿಕ್ಕೆ ಇದು ಅನುಕೂಲವೇ; ಪ್ರತಿಸಲ ನೀರು ಕುಡಿಯುವಾಗಲೂ ಲೋಟವನ್ನು ಹತ್ತು ನಿಮಿಷ ನೋಡುತ್ತ ಕುಳಿತರೆ ಕಾರ್ಖಾನೆಯ ಭೋಂಗಾ ಯಾರಿಗೂ ಕಾಯುವುದಿಲ್ಲ. ಆದರೆ ಯಾವಾಗಲೂ ಹೀಗೆಯೇ ನೋಡಿದರೆ ಕಣ್ಣು ಇದ್ದೂ ಬಡವಾಗುತ್ತದೆ. ವಸ್ತುಚಿತ್ರಕ್ಕೆ ಕುಳಿತವನು ಒಂದೆರಡು ಗಂಟೆಯ ಕಾಲ ಹೆಸರುಗಳನ್ನು ಮರೆತು ಆಕಾರ, ಬೆಳಕು, ಬಣ್ಣ ಇಷ್ಟನ್ನೇ ನೋಡಬೇಕಾಗುತ್ತದೆ. ಗುಡ್ಡದ ಚಿತ್ರದಲ್ಲಿ ಗುಡ್ಡ ಸ್ವಲ್ಪ ಓರೆಯಾದರೆ ಯಾರೂ ಹಿಡಿಯಲಾರರು. ತಂಬಿಗೆ ಓರೆಯಾದರೆ ಮನೆಯ ಆಳುಮಗನೂ ಹಿಡಿಯುತ್ತಾನೆ. ಪರೀಕ್ಷೆಯವರು ಅಡಿಗೆಮನೆಯ ಸಾಮಾನನ್ನೇ ಆರಿಸಿದ್ದರ ಮರ್ಮ ಇಲ್ಲಿದೆಯೆಂದು ನಾವು ತಿಳಿಯುತ್ತೇವೆ.

ಇನ್ನು ಬೆಳಕಿನ ಮಾತು. ಇಲ್ಲಿ ಮಣ್ಣು, ಲೋಹ, ಗಾಜು ಮೂರಕ್ಕೂ ಮೂರು ಸ್ವಭಾವ. ಮಣ್ಣಿನ ಗಡಿಗೆಯ ಮೇಲೆ ಬೆಳಕು ಮೆಲ್ಲಗೆ ಹಬ್ಬಿ, ಮೆಲ್ಲಗೆ ನೆರಳಿಗೆ ಇಳಿಯುತ್ತದೆ. ಎಲ್ಲಿ ಬೆಳಕು ಮುಗಿಯಿತು, ಎಲ್ಲಿ ನೆರಳು ಹತ್ತಿತು ಎಂದು ಬೆರಳಿಟ್ಟು ತೋರಿಸಲಾಗದು. ಹಿತ್ತಾಳೆ ತಾಮ್ರಗಳು ಹಾಗಲ್ಲ. ಅವು ಬೆಳಕನ್ನು ಹಿಡಿದು ತಿರುಗಿ ಎಸೆಯುತ್ತವೆ. ಕಡುಗಪ್ಪಿನ ಪಕ್ಕದಲ್ಲಿಯೇ ಕಣ್ಣು ಕುಕ್ಕುವ ಹೊಳಪು, ನಡುವೆ ಮೆಟ್ಟಿಲೇ ಇಲ್ಲ. ಇನ್ನೊಂದು ಸೂಕ್ಷ್ಮವನ್ನು ಮಕ್ಕಳಿಗೆ ಹೇಳಿಕೊಡುವವರು ಕಡಿಮೆ: ಚೀನಿ ಮಣ್ಣಿನ ಕಪ್ಪಿನ ಮೇಲಿನ ಹೊಳಪು ಕಿಟಕಿಯ ಬೆಳಕಿನ ಬಣ್ಣದ್ದೇ ಆಗಿರುತ್ತದೆ, ಆದರೆ ಲೋಹದ ಮೇಲಿನ ಹೊಳಪಿಗೆ ಆ ಲೋಹದ ಬಣ್ಣ ಅಂಟಿರುತ್ತದೆ. ತಾಮ್ರದ ಚೆಂಬಿನ ಮೇಲೆ ಶುದ್ಧ ಬಿಳಿ ಚುಕ್ಕೆ ಇಟ್ಟರೆ ಅದು ತಾಮ್ರವಾಗುವುದಿಲ್ಲ, ಕೆಂಪು ಬಣ್ಣ ಬಳಿದ ಕಪ್ಪಾಗುತ್ತದೆ. ಕಲಾಯಿ ಮಾಡಿದ ಪಾತ್ರೆಯಾದರೆ ಹೊರಗೆ ಕೆಂಪು, ಒಳಗೆ ತವರದ ಬೂದಿಬಿಳುಪು. ಬಾಯಂಚಿನಲ್ಲಿ ಅವೆರಡೂ ಕೂಡುವ ಜಾಗ ಬಹಳ ಚಂದ. ಸ್ಟೀಲಿನ ಪಾತ್ರೆಯದು ಮಾತ್ರ ವಿಚಿತ್ರ. ಅದಕ್ಕೆ ತನ್ನದೆಂಬ ಬಣ್ಣವೇ ಇಲ್ಲವೆನ್ನಬಹುದು. ಪಕ್ಕದ ನಿಂಬೆಹಣ್ಣು, ಕಿಟಕಿಯ ಗಜ, ಬರೆಯುವ ಹುಡುಗನ ಕೆಂಪು ಅಂಗಿ ಎಲ್ಲವನ್ನೂ ಸೊಟ್ಟಗೆ ತೋರಿಸುತ್ತದೆ. ಅದನ್ನು ಬರೆಯುವುದೆಂದರೆ ಇಡೀ ಕೋಣೆಯನ್ನು ಬರೆದಂತೆಯೇ.

ನೆರಳು ಎಂದರೆ ಕಪ್ಪು ಬಣ್ಣವೆಂದು ತಿಳಿಯಬಾರದು. ಪಾತ್ರೆಯ ನೆರಳಿನ ಬದಿಯ ಅಂಚಿನಲ್ಲಿ ನಸುಬೆಳಕಿನ ಒಂದು ಎಳೆ ಇರುತ್ತದೆ. ಮೇಜಿನ ಬಟ್ಟೆಯಿಂದ ಹೊಡೆದು ಬಂದ ಬೆಳಕು ಅದು. ಅದನ್ನು ಕಂಡುಕೊಂಡ ದಿನ ಹುಡುಗನ ತಂಬಿಗೆ ಕಾಗದದಿಂದ ಎದ್ದು ನಿಲ್ಲುತ್ತದೆ. ಹಾಗೆಯೇ ಮೇಜಿನ ಮೇಲೆ ಬಿದ್ದ ನೆರಳು ಪಾತ್ರೆಯ ತಳಕ್ಕೆ ಅಂಟಿಕೊಂಡಲ್ಲಿ ದಟ್ಟ, ಅಂಚು ಖಚಿತ. ದೂರ ಹೋದಂತೆಲ್ಲ ತೆಳು, ಅಂಚು ಕರಗಿದಂತೆ. ಈ ನೆರಳನ್ನು ಬಿಟ್ಟು ಬರೆದ ಉಳ್ಳಾಗಡ್ಡೆ ಗಾಳಿಯಲ್ಲಿ ತೇಲುತ್ತದೆ.

ಈ ವಿದ್ಯೆ ಪುಣೆಯ ಮಟ್ಟಿಗೆ ಇನ್ನೂರು ವರ್ಷಕ್ಕೂ ಹಳೆಯದು. ೧೭೯೦ರ ದಶಕದಲ್ಲಿ, ಸವಾಯಿ ಮಾಧವರಾಯರು ಪೇಶ್ವೆಗಳಾಗಿದ್ದಾಗ, ಇಲ್ಲಿಯ ಇಂಗ್ಲಿಷ್ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟ್ ಮತ್ತು ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಇವರ ಆಸ್ಥೆಯಿಂದ ಶನಿವಾರವಾಡೆಯಲ್ಲಿ ಪಾಶ್ಚಾತ್ಯ ಪದ್ಧತಿಯ ಚಿತ್ರಶಾಲೆಯೊಂದು ನಡೆಯಿತು. ವೇಲ್ಸ್ ೧೭೯೫ರಲ್ಲಿ ತೀರಿಕೊಂಡನು. ಈ ಕೂಟದಲ್ಲಿ ಪಳಗಿದ ಪುಣೆಯ ಕಲಾವಿದನ ಹೆಸರು ಗಂಗಾರಾಮ ಚಿಂತಾಮಣಿ ತಾಂಬಟ. ವೇರೂಳದ ಗುಹೆಗಳನ್ನೂ, ಪೇಶ್ವೆಯವರ ಪ್ರಾಣಿಸಂಗ್ರಹದಲ್ಲಿದ್ದ ಖಡ್ಗಮೃಗವನ್ನೂ ಅವನು ಕಣ್ಣಾರೆ ನೋಡಿ ಬರೆದ ಚಿತ್ರಗಳು ಈಗ ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಪುರಾಣದಲ್ಲಿ ಕೇಳಿದ ಪ್ರಾಣಿಯನ್ನಾಗಲಿ, ಹಿಂದಿನವರು ಬರೆದಿಟ್ಟ ಮಾದರಿಯನ್ನಾಗಲಿ ಅವನು ನಕಲು ಮಾಡಲಿಲ್ಲ. ಎದುರಿಗೆ ನಿಂತ ಮೃಗದ ಚರ್ಮದ ಮಡಿಕೆಗಳನ್ನು ಎಣಿಸಿ ಬರೆದನು. ನಮ್ಮ ತಂಬಿಗೆಯ ವಿದ್ಯೆಯೂ ಇದೇ ಜಾತಿಯದು.

ತಾಂಬಟ ಎಂಬುದು ತಾಮ್ರದ ಕೆಲಸದವರ ಹೆಸರು. ಕಸಬಾ ಪೇಠೆಯಲ್ಲಿ ತಾಂಬಟ ಆಳಿ ಎಂಬ ಓಣಿ ಇಂದಿಗೂ ಇದೆ. ಪೇಶ್ವೆಯವರ ಕಾಲದಿಂದ ತಾಮ್ರ ಬಡಿಯುವ ಮನೆತನಗಳ ಓಣಿ ಅದು. ಈಗ ಅಲ್ಲಿ ಸುತ್ತಿಗೆಯ ಸಪ್ಪಳ ಮೊದಲಿನಂತಿಲ್ಲವಾದರೂ ನಿಂತಿಲ್ಲ. ಮೈತುಂಬ ಸಣ್ಣ ಸಣ್ಣ ತಗ್ಗು ಬೀಳುವಂತೆ ಒಂದೇ ಸಮನೆ ಬಡಿಯುವ ಕೆಲಸಕ್ಕೆ ಅವರು ಮಠಾರಕಾಮ ಎನ್ನುತ್ತಾರೆ. ಚಿತ್ರ ಕಲಿಯುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಬಡಿದ ಪ್ರತಿಯೊಂದು ತಗ್ಗೂ ಒಂದು ಚಿಕ್ಕ ಕನ್ನಡಿ. ಪ್ರತಿಯೊಂದರಲ್ಲಿಯೂ ಒಂದು ಕಿಟಕಿ, ಒಂದು ಹೊಳಪು. ಅಂಥ ಹಂಡೆಯನ್ನು ಬರೆಯುವಾಗ ಅಷ್ಟೂ ಹೊಳಪನ್ನು ಎಣಿಸಿ ಇಡಲು ಹೋದರೆ ಹಂಡೆ ಹೋಗಿ ಚುಕ್ಕೆಗಳ ಜಾತ್ರೆಯಾಗುತ್ತದೆ. ಬೆಳಕಿನ ಬದಿಗೆ ನಾಲ್ಕೈದನ್ನು ಸ್ಪಷ್ಟವಾಗಿ ಇಟ್ಟು ಉಳಿದವನ್ನು ಸೂಚಿಸಿ ಬಿಡಬೇಕು. ಎಷ್ಟನ್ನು ಬಿಡಬೇಕೆಂಬುದೇ ಕಷ್ಟದ ಪಾಠ.

ಹಿತ್ತಾಳೆಯ ವಿಷಯದಲ್ಲಿ ಖಡಕಿಯವರಿಗೆ ಹೆಚ್ಚಿನ ಪರಿಚಯ ಬೇಡ. ೧೮೬೯ರಲ್ಲಿ ಸ್ಥಾಪನೆಯಾದ ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ತೋಟೆಯ ಕವಚಕ್ಕೆ ಬಳಸಿದ ಲೋಹ ಅದೇ. ತಾಮ್ರಕ್ಕೆ ಸತುವು ಸೇರಿದ ಮಿಶ್ರಣ. ಹಗಲೆಲ್ಲ ಹಿತ್ತಾಳೆಯನ್ನು ಅಳೆದು ಬಂದವರು ಮನೆಗೆ ಬಂದು ಹಿತ್ತಾಳೆಯ ತಂಬಿಗೆಯಲ್ಲಿ ಕೈಕಾಲು ತೊಳೆದುಕೊಂಡರು. ಆದರೆ ಎರಡನ್ನೂ ಕಣ್ಣಿಟ್ಟು ನೋಡಿದವರು ಎಷ್ಟು ಮಂದಿ? ಇರಲಿ.

ಅಡಿಗೆಮನೆಯ ಸಾಮಾನನ್ನು ಬರೆಯುವುದು ಕೀಳು ಕೆಲಸವೆಂಬ ಭಾವನೆ ನಮ್ಮ ತಂದೆತಾಯಿಗಳದಷ್ಟೇ ಅಲ್ಲ. ರೋಮಿನ ಪ್ಲಿನಿ ಎಂಬ ಪ್ರಾಚೀನ ಗ್ರಂಥಕಾರನು ಪಿರಾಯಿಕಸ್ ಎಂಬ ಚಿತ್ರಕಾರನ ಸುದ್ದಿ ಹೇಳಿದ್ದಾನೆ. ಇವನು ಕ್ಷೌರದಂಗಡಿ, ಚಮ್ಮಾರರ ಮಳಿಗೆ, ಕತ್ತೆ, ತಿನ್ನುವ ಪದಾರ್ಥ ಇಂಥವನ್ನೇ ಬರೆಯುತ್ತಿದ್ದನೆಂದು ಜನ ಅವನಿಗೆ ಹೊಲಸಿನ ಚಿತ್ರಕಾರನೆಂದು ಅಡ್ಡಹೆಸರಿಟ್ಟಿದ್ದರಂತೆ. ಅವನ ಸಣ್ಣ ಚಿತ್ರಗಳು ಉಳಿದವರ ದೊಡ್ಡ ಚಿತ್ರಗಳಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತಿದ್ದವೆಂದೂ ಪ್ಲಿನಿಯೇ ಹೇಳುತ್ತಾನೆ. ಮುಂದೆ ೧೬೬೭ರಲ್ಲಿ ಫ್ರಾನ್ಸಿನ ಫೆಲಿಬಿಯಾಂ ಎಂಬ ಪಂಡಿತನು ಚಿತ್ರಗಳಿಗೆ ಜಾತಿಗಳನ್ನೇ ಏರ್ಪಡಿಸಿದನು. ಪುರಾಣ ಇತಿಹಾಸಗಳ ಚಿತ್ರ ಎಲ್ಲಕ್ಕೂ ಮೇಲೆ. ಹಣ್ಣು, ಹೂವು, ಚಿಪ್ಪುಗಳ ಚಿತ್ರ ಎಲ್ಲಕ್ಕೂ ಕೆಳಗೆ. ಜಾತಿ ಕಟ್ಟುವ ಚಟ ನಮ್ಮ ದೇಶದ್ದೊಂದೇ ಅಲ್ಲವೆಂದು ಇದರಿಂದ ತಿಳಿಯುತ್ತದೆ. ಇದೇ ಶತಮಾನದಲ್ಲಿ ಡಚ್ಚರು ಮಾತ್ರ ರೊಟ್ಟಿ, ಮೀನು, ಸುಲಿದ ನಿಂಬೆಹಣ್ಣು, ಮಗುಚಿದ ಲೋಟ ಮೊದಲಾದವನ್ನು ಬರೆದು ಬರೆದು ಈ ಬಗೆಯ ಚಿತ್ರವನ್ನು ಬಹಳ ಎತ್ತರಕ್ಕೆ ಒಯ್ದರು. ಸ್ಟಿಲ್ ಲೈಫ್ ಎಂಬ ಇಂಗ್ಲಿಷ್ ಹೆಸರು ಅವರ ಮಾತಿನಿಂದಲೇ ಬಂದುದು. ಅಲುಗಾಡದ ಜೀವನವೆಂದು ಅದರ ಅರ್ಥ. ಫ್ರೆಂಚರು ಇದಕ್ಕೇ 'ಸತ್ತ ಪ್ರಕೃತಿ' ಎನ್ನುತ್ತಾರೆ. ನಮ್ಮ 'ವಸ್ತುಚಿತ್ರ' ಎಂಬ ಮಾತು ಇವೆರಡಕ್ಕಿಂತಲೂ ನಿಷ್ಪಕ್ಷಪಾತವಾದುದು.

ಆ ಕೆಳಜಾತಿಯ ಚಿತ್ರವನ್ನೇ ಹಿಡಿದು ಮೇಲೆ ಬಂದವನು ಪ್ಯಾರಿಸ್ಸಿನ ಶಾರ್ಡ್ಯಾಂ (೧೬೯೯–೧೭೭೯). ಮರಗೆಲಸದವನ ಮಗ. ೧೭೨೮ರಲ್ಲಿ ಅಲ್ಲಿಯ ರಾಜಕಲಾಪರಿಷತ್ತು ಅವನನ್ನು ಸದಸ್ಯನನ್ನಾಗಿ ತೆಗೆದುಕೊಂಡುದೂ ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರನೆಂದೇ. ಅವನ ಒಂದು ಚಿತ್ರವನ್ನು ನಮ್ಮ ವಾಚಕರು ಅಚ್ಚಿನಲ್ಲಾಗಲಿ, ಮೊಬೈಲಿನಲ್ಲಾಗಲಿ ನೋಡಲೇಬೇಕು. ೧೭೩೪ರ ಸುಮಾರಿನದು, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಮೂರು ಕಾಲಿನ ಮೇಲೆ ನಿಂತ, ಕೆಳಗೆ ನಲ್ಲಿ ಇರುವ ತಾಮ್ರದ ನೀರಿನ ಹಂಡೆ. ಹತ್ತಿರ ಒಂದು ಬಕೀಟು, ಒಂದು ಹೂಜಿ. ಅಷ್ಟೇ. ಚಿತ್ರದ ಅಳತೆಯೂ ಶಾಲೆಯ ನೋಟುಬುಕ್ಕಿಗಿಂತ ಹೆಚ್ಚು ದೊಡ್ಡದಲ್ಲ. ಆದರೆ ಅದನ್ನು ನೋಡಿದ ನಮ್ಮ ಕಡೆಯ ಯಾರಿಗಾದರೂ ಬಚ್ಚಲಮನೆಯ ಹಂಡೆಯೂ, ಪುಣೇಕರರ ಬಂಬವೂ ನೆನಪಿಗೆ ಬಾರದೆ ಇರದು. ಹಂಡೆಯ ಹೊಟ್ಟೆಯ ಮೇಲೆ ಬೆಳಕು ಎಲ್ಲಿ ಕೆಂಪಾಗಿದೆ, ಎಲ್ಲಿ ಕಂದಾಗಿದೆ, ಎಲ್ಲಿ ಮಾಸಿದೆ ಎಂದು ನೋಡುತ್ತ ಹೋದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆ ಕಾಲದ ದೊಡ್ಡ ವಿಮರ್ಶಕ ದಿದರೋ ಶಾರ್ಡ್ಯಾಂನ ಚಿತ್ರಗಳನ್ನು ಕುರಿತು ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಹತ್ತಿರ ಹೋದರೆ ಎಲ್ಲವೂ ಕಲಸಿಹೋಗುತ್ತದೆ, ಹಿಂದೆ ಸರಿದರೆ ಎಲ್ಲವೂ ತಿರುಗಿ ಮೂಡುತ್ತದೆ. ಅಂದರೆ ಅವನು ಹಂಡೆಯ ಪ್ರತಿಯೊಂದು ಕಲೆಯನ್ನೂ ಎಣಿಸಿ ಬರೆದವನಲ್ಲ. ಹಂಡೆಯ ಮೇಲಿನ ಬೆಳಕನ್ನು ಬರೆದವನು. ಪರಿಷತ್ತಿನ ಮೇಲ್ಜಾತಿಯ ದೇವದಾನವರ ಚಿತ್ರಗಳಲ್ಲಿ ಬಹಳಷ್ಟನ್ನು ಇಂದು ಕೇಳುವವರಿಲ್ಲ. ಹಂಡೆ ನಿಂತಿದೆ.

ಕನ್ನಡ ನಾಡಿನಲ್ಲಿ ಈ ವಿಚಾರ ಮೊದಲೇ ಇತ್ತೇ ಎಂದು ಕೇಳಿದರೆ, ಬರಿಯ ಪಾತ್ರೆಯನ್ನಿಟ್ಟು ಬರೆಯುವ ರೂಢಿ ಇಂಗ್ಲಿಷರ ಕಲಾಶಾಲೆಗಳೊಡನೆ ಬಂದಿತೆಂದೇ ಹೇಳಬೇಕು. ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರಾರಂಭವಾದುದು ೧೮೫೭ರಲ್ಲಿ. ಆದರೆ ಕಂಡಂತೆ ಬರೆಯುವುದಕ್ಕೆ ನಮ್ಮಲ್ಲಿ ಬಹಳ ಹಿಂದೆಯೇ ಹೆಸರಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೆ ಒಂದು ಭಾಗವೇ ಇದೆ. ಅಲ್ಲಿ ಕನ್ನಡಿಯೊಳಗಿನ ಪ್ರತಿಬಿಂಬದಂತೆ ಹೋಲಿಕೆ ಬರುವ ಚಿತ್ರಕ್ಕೆ ವಿದ್ಧಚಿತ್ರವೆಂದು ಹೆಸರು ಕೊಟ್ಟಿದ್ದಾನೆ. ಚಿತ್ರದ ಆರು ಅಂಗಗಳೆಂದು ಹಿಂದಿನವರು ಎಣಿಸಿದುದರಲ್ಲಿಯೂ ಸಾದೃಶ್ಯ ಒಂದು. ಅದರೊಡನೆ ಭಾವ, ಲಾವಣ್ಯಗಳೂ ಇವೆಯೆಂಬುದನ್ನು ಮರೆಯಬಾರದು. ಕಲ್ಯಾಣದ ಅರಸನಿಗೆ ತಂಬಿಗೆ ಬರೆಯುವ ಮಾತು ಸೇರುತ್ತಿತ್ತೋ ಇಲ್ಲವೋ, ಕನ್ನಡಿಯ ಮಾತಂತೂ ಅವನದೇ.

ಹತ್ತಿರದ ಕಾಲಕ್ಕೆ ಬಂದರೆ, ಮಹಾರಾಷ್ಟ್ರ ಕರ್ನಾಟಕಗಳ ನಡುವೆ ಈ ವಿದ್ಯೆಯ ಹೋಗಿಬರುವಿಕೆ ಸಾಕಷ್ಟು ನಡೆದಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ನೋಡದೆ ಬಂದ ಪ್ರವಾಸಿಗರು ವಿರಳ. ರಾಜಾ ರವಿವರ್ಮನದೆಂದು ಬಹಳ ಜನ ತಿಳಿದಿರುತ್ತಾರೆ. ಅದು ಸಾವಂತವಾಡಿಯಲ್ಲಿ ೧೮೮೨ರಲ್ಲಿ ಹುಟ್ಟಿದ ಸಾವಳಾರಾಮ ಲಕ್ಷ್ಮಣ ಹಳದಣಕರರದು. ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ೧೯೪೫–೪೬ರಲ್ಲಿ ಬರೆದುದು, ಅದೂ ಜಲವರ್ಣದಲ್ಲಿ. ವಸ್ತುಚಿತ್ರವಲ್ಲವಾದರೂ ಅದರ ಜೀವವೆಲ್ಲ ಒಂದು ದೀಪ ಮತ್ತು ಅದಕ್ಕೆ ಅಡ್ಡಹಿಡಿದ ಅಂಗೈಯಲ್ಲಿದೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ತೂರಿ ಬರುವುದನ್ನು ಊಹೆಯಿಂದ ಬರೆಯಲಾಗದು, ನೋಡಿಯೇ ಬರೆಯಬೇಕು. ಇನ್ನು ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರು ಯಥಾರ್ಥ ಚಿತ್ರಣವನ್ನು ಕಲಿಸಿದ ಗುರುಗಳು. ಅವರ ಕೈಯಲ್ಲಿ ಕಲಿತವರಲ್ಲಿ ಒಬ್ಬರಾದ ರವಿ ಪರಾಂಜಪೆ (೧೯೩೫–೨೦೨೨) ಬೆಳಗಾವಿಯಲ್ಲಿ ಹುಟ್ಟಿ, ಕೊನೆಗೆ ಪುಣೆಯಲ್ಲಿಯೇ ನೆಲೆಸಿ ದೊಡ್ಡ ಹೆಸರು ಮಾಡಿದರು.

'ಮೊಬೈಲಿನಲ್ಲಿ ಒಂದು ಫೋಟೋ ಹೊಡೆದರೆ ಮುಗಿಯಿತಲ್ಲ, ಇಷ್ಟು ಕಷ್ಟ ಯಾತಕ್ಕೆ?' ಎಂಬ ಪ್ರಶ್ನೆಯನ್ನು ಈಗಿನ ಮಕ್ಕಳೇ ಕೇಳುತ್ತಾರೆ. ಫೋಟೋ ಒಂದು ಕ್ಷಣದಲ್ಲಿ ಎಲ್ಲವನ್ನೂ ಒಂದೇ ಸಮನಾಗಿ ಹಿಡಿಯುತ್ತದೆ. ತೆಗೆದವನು ಮಾತ್ರ ಅದರಲ್ಲಿ ಏನನ್ನೂ ನೋಡಿರಲಿಕ್ಕಿಲ್ಲ. ಬರೆಯುವವನಿಗೆ ಆ ಸೌಕರ್ಯವಿಲ್ಲ. ಪ್ರತಿಯೊಂದು ಗೆರೆಗೂ ಅವನು ಒಮ್ಮೆ ತಂಬಿಗೆಯನ್ನೂ ಒಮ್ಮೆ ಕಾಗದವನ್ನೂ ನೋಡಿ, ಇದು ಸರಿಯೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಫೋಟೋವನ್ನು ನೋಡಿ ಚಿತ್ರ ಬರೆಯುವ ರೂಢಿಯೂ ಈಗ ಬೆಳೆದಿದೆ. ನಾವು ಅದನ್ನು ಮಕ್ಕಳಿಗೆ ಹೇಳುವುದಿಲ್ಲ. ನಮಗೆ ಎರಡು ಕಣ್ಣುಗಳಿವೆ, ಕ್ಯಾಮರಾಕ್ಕೆ ಒಂದೇ. ಎರಡು ಕಣ್ಣಿಗೆ ತಿಳಿಯುವ ಮುಂದು ಹಿಂದುಗಳನ್ನು ಅದು ಚಪ್ಪಟೆ ಮಾಡಿ, ನೆರಳುಗಳನ್ನು ಎಷ್ಟೋ ವೇಳೆ ಬರಿಯ ಕಪ್ಪಾಗಿ ಮುಚ್ಚಿಬಿಡುತ್ತದೆ. ಇದಕ್ಕಿಂತಲೂ ಕೆಟ್ಟದ್ದು ಬಾಯಿಪಾಠದ ತಂಬಿಗೆ. ಕೆಲವು ಖಾಸಗಿ ವರ್ಗಗಳಲ್ಲಿ ಮಕ್ಕಳಿಗೆ ಒಂದು ತಂಬಿಗೆ, ಒಂದು ಪುಸ್ತಕ, ಒಂದು ಹಣ್ಣು ಇವನ್ನು ಮಗ್ಗಿಯಂತೆ ಉರುಹಚ್ಚಿಸುತ್ತಾರೆ. ಪರೀಕ್ಷೆಯಲ್ಲಿ ಎದುರಿಗೆ ಏನೇ ಇಟ್ಟಿರಲಿ, ಮಗು ಆ ಕಲಿತ ತಂಬಿಗೆಯನ್ನೇ ಇಳಿಸಿ ಬರುತ್ತದೆ. ಅಂಕ ಬೀಳಬಹುದು. ಆದರೆ ನೋಡುವುದನ್ನು ಕಲಿಸಬೇಕಾದ ಪಾಠದಲ್ಲಿ ನೋಡದೆ ಇರುವುದನ್ನು ಕಲಿಸಿದಂತಾಯಿತು.

ಇನ್ನೊಂದು ಮಾತು ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರದ್ದು. ಕಾರ್ಖಾನೆ, ಸೈನ್ಯ, ರೈಲ್ವೆಗಳ ಕೆಲಸಕ್ಕೆಂದು ಖಡಕಿಗೆ ಬಂದ ಮನೆತನಗಳು ಊರಿಂದ ತಂದ ಆಸ್ತಿ ಬಹಳವಿರಲಿಲ್ಲ; ಪಾತ್ರೆಗಳನ್ನು ಮಾತ್ರ ತಂದಿದ್ದವು. ಕೊಡ, ಹಂಡೆ, ಚರಿಗೆ, ಬೋಗುಣಿ, ಕಂಚಿನ ಗಂಗಾಳ, ಪಾವು ಸೇರು, ಅಡಕೊತ್ತು. ಈಗ ಮನೆಗಳು ಸಣ್ಣವಾದವು, ಕಲಾಯಿಯವರು ಬರುವುದು ಅಪರೂಪವಾಯಿತು, ಬೆಳಗುವ ಕೈಗಳಿಗೆ ಬೇರೆ ಕೆಲಸ ಬಂತು. ಒಂದೊಂದಾಗಿ ಅವು ಹಳೆಯ ತಾಮ್ರ ಹಿತ್ತಾಳೆಯ ದರದಲ್ಲಿ ತೂಕಕ್ಕೆ ಹೋಗುತ್ತಿವೆ. ಯಾರನ್ನೂ ದೂರುವಂತಿಲ್ಲ. ಆದರೆ ಹೋಗುವ ಮೊದಲು ಮನೆಯ ಮಗು ಅದನ್ನು ಒಮ್ಮೆ ಬರೆದಿಟ್ಟರೆ ಎಷ್ಟೋ ಉಳಿಯುತ್ತದೆ. ನಮ್ಮ ನೆರೆಯ ಹುಡುಗಿಯೊಬ್ಬಳು ಮನೆಯ ಹಿತ್ತಾಳೆಯ ಚರಿಗೆಯನ್ನು ಬರೆದು ಅಜ್ಜಿಗೆ ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿ, "ಚರಿಗಿ ಖರೇನ ಐತಿ. ಆದ್ರ ತಗ್ಗು ಎಲ್ಲೈತೆವ್ವಾ?" ಎಂದಳು. ಚರಿಗೆಯ ಹೊಟ್ಟೆಯಲ್ಲಿ ಬೆರಳು ಕೂರುವಷ್ಟು ಒಂದು ತಗ್ಗಿತ್ತು. ಚಂದ ಕಾಣಲಿಯೆಂದು ಹುಡುಗಿ ಅದನ್ನು ಬಿಟ್ಟಿದ್ದಳು. "ಅದು ನಿಮ್ಮ ಮುತ್ಯಾ ಬಾಂವಿ ಕಟ್ಟಿ ಮ್ಯಾಲಿಂದ ಕೆಡವಿದ್ದು" ಎಂದು ಆ ಮೇಲೆ ಅಜ್ಜಿ ಒಂದು ಗಂಟೆ ಊರಿನ ಸುದ್ದಿ ಹೇಳಿದಳಂತೆ. ಎರಡನೆಯ ಚಿತ್ರದಲ್ಲಿ ತಗ್ಗು ಬಂದಿತು; ಅದರ ಸುತ್ತ ಬೆಳಕು ಮುರಿದು ಬೀಳುವ ರೀತಿಯೂ ಬಂದಿತು. ಎರಡನೆಯದೇ ಒಳ್ಳೆಯ ಚಿತ್ರವೆಂದು ಬೇರೆ ಹೇಳಬೇಕೇ?

ತೂಕಕ್ಕೆ ಹೋದುದನ್ನು ಮತ್ತೆ ನೋಡಬೇಕೆಂದರೆ ಪುಣೆಯಲ್ಲಿಯೇ ಒಂದು ಸ್ಥಳವಿದೆ, ರಾಜಾ ದಿನಕರ ಕೇಳಕರ ಸಂಗ್ರಹಾಲಯ. ದಿನಕರ ಕೇಳಕರರು (೧೮೯೬–೧೯೯೦) ಬಾಲ್ಯದಲ್ಲಿಯೇ ತೀರಿಹೋದ ತಮ್ಮ ಮಗ ರಾಜಾನ ನೆನಪಿಗೆಂದು ದೇಶವೆಲ್ಲ ತಿರುಗಿ ಕೂಡಿಹಾಕಿದ ಸುಮಾರು ೨೦,೦೦೦ ವಸ್ತುಗಳ ಭಂಡಾರ ಅದು. ೧೯೬೨ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. ಅಲ್ಲಿ ರಾಜರ ಕಿರೀಟಗಳನ್ನು ಹುಡುಕಬೇಡಿರಿ. ದೀಪಗಳು, ಅಡಕೊತ್ತುಗಳು, ಪಾತ್ರೆಗಳು, ಮಸಿಕುಡಿಕೆಗಳು. ಜನ ದಿನದಿನ ಕೈಯಲ್ಲಿ ಹಿಡಿದು ಸವೆಸಿದ ಸಾಮಾನು. ಮಕ್ಕಳನ್ನು ಕರೆದುಕೊಂಡು ಹೋಗುವವರು ಎಲ್ಲ ಕೋಣೆಗಳನ್ನೂ ಓಡುತ್ತ ನೋಡಿಸುವುದಕ್ಕಿಂತ, ಒಂದೇ ದೀಪದ ಮುಂದೆ ಕಾಲುಗಂಟೆ ನಿಲ್ಲಿಸಿದರೆ ಹೆಚ್ಚ ಪ್ರಯೋಜನ.

ಮನೆಯಲ್ಲಿ ಅಭ್ಯಾಸ ಮಾಡತಕ್ಕವರಿಗೆ ನಾಲ್ಕು ಸೂಚನೆಗಳು ಸಾಕು. ಸಾಮಾನು ಮೂರಕ್ಕಿಂತ ಹೆಚ್ಚು ಬೇಡ: ಒಂದು ಎತ್ತರದ್ದು, ಒಂದು ಅಗಲದ್ದು, ಒಂದು ಸಣ್ಣದು. ಮೂರನ್ನೂ ಸಾಲಾಗಿ ಸೈನಿಕರಂತೆ ನಿಲ್ಲಿಸದೆ, ಒಂದು ಇನ್ನೊಂದನ್ನು ಸ್ವಲ್ಪ ಮರೆಮಾಡುವಂತೆ ಇಡಬೇಕು. ಬೆಳಕು ಒಂದೇ ಕಡೆಯಿಂದ ಬರಲಿ. ಎಡಗಡೆಯ ಕಿಟಕಿ ಒಳ್ಳೆಯದು, ಮೇಲಿನ ಟ್ಯೂಬ್‌ಲೈಟನ್ನು ಆರಿಸಬೇಕು. ಪೆನ್ಸಿಲನ್ನು ಕೈಚಾಚಿ ಹಿಡಿದು, ತಂಬಿಗೆಯ ಅಗಲ ಅದರ ಎತ್ತರದಲ್ಲಿ ಎಷ್ಟು ಸಲ ಹಿಡಿಯುತ್ತದೆಂದು ಅಳೆದುಕೊಳ್ಳಬೇಕು. ತಂಬಿಗೆಯನ್ನಷ್ಟೇ ನೋಡದೆ ತಂಬಿಗೆಗೂ ಗಡಿಗೆಗೂ ನಡುವೆ ಉಳಿದ ಖಾಲಿ ಜಾಗದ ಆಕಾರವನ್ನು ನೋಡಿ ಬರೆಯುವುದು ದೊಡ್ಡ ಉಪಾಯ. ಖಾಲಿ ಜಾಗಕ್ಕೆ ಹೆಸರಿಲ್ಲದುದರಿಂದ ಮನಸ್ಸು ಮೋಸ ಮಾಡಲಾರದು. ಬಣ್ಣಕ್ಕೆ ಮೊದಲು ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಬೆಳಕು ನೆರಳುಗಳ ದೊಡ್ಡ ಪಾಲು ತಿಳಿಯುತ್ತದೆ. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಅದನ್ನು ಮೊದಲಿನಿಂದಲೇ ಬಿಟ್ಟುಕೊಂಡು ಬರಬೇಕು. ಮುಚ್ಚಿದ ಮೇಲೆ ತಿರುಗಿ ತರುವುದು ಕಷ್ಟ. ಮೊದಲ ತಿಂಗಳು ಮಣ್ಣಿನ ಕುಡಿಕೆ, ಅನಂತರ ಹಿತ್ತಾಳೆ, ಆ ಮೇಲೆ ಸ್ಟೀಲು, ಕೊನೆಗೆ ನೀರು ತುಂಬಿದ ಗಾಜಿನ ಲೋಟ ಎಂಬ ಕ್ರಮ ನಮಗೆ ಸರಿಯೆನಿಸಿದೆ. ಒಂದೇ ಸಾಮಾನನ್ನು ಮತ್ತೆ ಮತ್ತೆ ಬರೆಯಲು ಬೇಸರಪಡುವವರು ಇಟಲಿಯ ಬೊಲೋನ್ಯಾ ನಗರದ ಮೊರಾಂಡಿಯ (೧೮೯೦–೧೯೬೪) ಚಿತ್ರಗಳನ್ನು ನೋಡಬೇಕು. ಬಾಟಲಿ ಮತ್ತು ಡಬ್ಬಿಗಳ ಅದೇ ಕೆಲವು ಜೋಡಣೆಗಳನ್ನು ಅವನು ಹತ್ತಾರು ವರ್ಷ ಬರೆದನು, ಒಂದು ಚಿತ್ರ ಇನ್ನೊಂದರಂತಿಲ್ಲ.

ನಮ್ಮ ವಾಚನಾಲಯದ ಒಳಕೋಣೆಯ ಮೇಜಿಗೆ ಉತ್ತರದ ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತದೆ. ರವಿವಾರ ಬೆಳಿಗ್ಗೆ ಆ ಮೇಜು ಖಾಲಿ ಇರುವುದರಿಂದ ಅಭ್ಯಾಸಕ್ಕೆ ಬರಬಯಸುವ ಮಕ್ಕಳೂ ದೊಡ್ಡವರೂ ಅದನ್ನು ಉಪಯೋಗಿಸಬಹುದು. ಕಾಗದ, ಪೆನ್ಸಿಲು, ಬಣ್ಣ ತಮ್ಮ ತಮ್ಮದು. ಪಾತ್ರೆಯೂ ಮನೆಯಿಂದಲೇ ಬರಲಿ. ತಾಯಂದಿರಲ್ಲಿ ಒಂದು ವಿನಂತಿ: ಚಿತ್ರಕ್ಕೆಂದು ಕಳಿಸುವ ಹಿತ್ತಾಳೆ ತಾಮ್ರಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಬೇಡಿರಿ. ಮಾಸಿದ ಪಾತ್ರೆಯ ಮೇಲೆ ಕಂದು, ನೇರಳೆ, ಹಸಿರು ಎಷ್ಟೊಂದು ಬಣ್ಣಗಳಿರುತ್ತವೆ. ಬೆಳಗಿದರೆ ಒಂದೇ ಉಳಿಯುತ್ತದೆ.